ಹೂಂ ಅನ್ನಿಸಿಕೊಳ್ಳದೆ ಕೈಹಚ್ಚದವರು

‘ಬೇಡ’ ಎಂಬ ಮಾತು ಕೇಳಿ ಖುಷಿಪಡುವ ವ್ಯಾಪಾರಿಯನ್ನು ನಾನು ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಹೊಸಪೇಟೆಯ ಸ್ಟೇಷನ್ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ, ಒಗ್ಗರಣೆ-ಮಿರ್ಚಿ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವರ ಅಂಗಡಿ. ಗಿರಾಕಿ ಫೋನಿನಲ್ಲಿ “ಬ್ಯಾಡ್ರಿ, ಅದನ್ನ ಮುಟ್ಟಬ್ಯಾಡ್ರಿ” ಅಂದರೆ ಸಾಕು, ಇವರ ಮುಖ ಅರಳುತ್ತಿತ್ತು. ಫೋನಿಟ್ಟು ನನ್ನ ಕಡೆ ತಿರುಗಿ, “ನೋಡಿದೇನಮ್ಮಾ, ಬ್ಯಾಡ ಅಂದ್ರು. ಅಂದ್ರ ಪೂರಾ ಕೇಳ್ಯಾರ” ಎನ್ನುತ್ತಿದ್ದರು. ಇದೆಂಥ ವ್ಯಾಪಾರವಪ್ಪಾ ಎಂದು ನಾನು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದೆ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಂಗಡಿಯನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಅವರ ಕುರ್ಚಿ ಮಾತ್ರ ಗೋಡೆಗೆ ಆನಿಸಿ ಇಟ್ಟಿದ್ದೇನೆ, ಅದರಲ್ಲಿ ಕೂರಲು ಮನಸ್ಸು ಬಂದಿಲ್ಲ.

ಅಂಗಡಿ ಎಂದೆನಲ್ಲ, ಅಲ್ಲಿ ಮಾರುವ ಸಾಮಾನು ಕಣ್ಣಿಗೆ ಕಾಣುವಂಥದ್ದಲ್ಲ. ಹಂಪಿಯ ಗೆಸ್ಟ್ ಹೌಸಿನವರು, ಕಂಪ್ಲಿಯ ಅಕ್ಕಿ ಮಿಲ್ಲಿನವರು, ಸಂಡೂರಿನ ಲಾರಿ ಮಾಲೀಕರು ತಮ್ಮ ಹೆಸರಿನಲ್ಲಿ ವೆಬ್‌ಸೈಟ್ ಬೇಕೆಂದು ಬರುತ್ತಾರೆ. ನಾನು ಅದಕ್ಕೆ ಬಣ್ಣ, ಅಕ್ಷರ, ಚಿತ್ರ ಜೋಡಿಸುವವಳು. ಅವರು ಹೆಸರು ಕಾಯುವವರು. ಇಂಟರ್ನೆಟ್ಟಿನಲ್ಲಿ ಯಂತ್ರಗಳಿಗೆ ಹೆಸರು ತಿಳಿಯುವುದಿಲ್ಲ, ನಂಬರ್ ತಿಳಿಯುತ್ತದೆ. ಈ ಹೆಸರು ಯಾವ ನಂಬರಿನ ಯಂತ್ರದಲ್ಲಿದೆ, ಈ ಹೆಸರಿಗೆ ಬಂದ ಮೇಲ್ ಎಲ್ಲಿಗೆ ಹೋಗಬೇಕು ಎಂದು ಒಂದು ಕಡೆ ಬರೆದಿಟ್ಟಿರಬೇಕು. ಅದಕ್ಕೆ ಡಿಎನ್‌ಎಸ್ ರೆಕಾರ್ಡ್ ಎನ್ನುತ್ತಾರೆ. ಒಂದು ಅಕ್ಷರ ತಪ್ಪಿದರೆ ವೆಬ್‌ಸೈಟ್ ಕಾಣೆ. ಒಂದು ಸಾಲು ಅಳಿಸಿದರೆ ಮೇಲ್ ಕಾಣೆ. ಈ ಸಾಲುಗಳನ್ನು ಸೇರಿಸುವುದು, ತಿದ್ದುವುದು, ತೆಗೆಯುವುದು ಅವರ ಕೆಲಸ.

ಕಂಪ್ಲಿಯ ಮಿಲ್ ಮಾಲೀಕರಿಗೆ ಅವರು ಇದನ್ನು ವಿವರಿಸಿದ್ದು ನನಗೆ ಈಗಲೂ ಕಿವಿಯಲ್ಲಿದೆ. “ಸಾವ್ಕಾರ್ರ, ನಿಮ್ಮ ಮಿಲ್ಲಿಗೆ ಭತ್ತದ ಲಾರಿ ಬರ್ತಾವಲ್ರಿ? ಹೊಸಾ ಡ್ರೈವರ್ ಊರಾಗ ಬಂದು ನಿಮ್ಮ ಹೆಸರು ಕೇಳ್ತಾನ. ಚಾದಂಗಡ್ಯಾವ ಹಿಂಗ ಹೋಗಪ್ಪಾ ಅಂತ ಕೈ ತೋರಸ್ತಾನ. ನಾನು ಆ ಚಾದಂಗಡ್ಯಾವ. ನಾ ತಪ್ಪು ಕೈ ತೋರಿಸಿದ್ರ ನಿಮ್ಮ ಭತ್ತ ಇನ್ನೊಬ್ರ ಮಿಲ್ಲಿನ ಮುಂದ ಹೋಗಿ ನಿಂದರ್ತೈತಿ.” ಸಾವ್ಕಾರರು ಗಾಬರಿಯಾಗಿ, “ಹಂಗ ಮಾಡಬ್ಯಾಡ್ರಿ ಮಾರಾಯ್ರ” ಎಂದರು. ಇವರು ಗಹಗಹಿಸಿ ನಕ್ಕರು. ಕೆಳಗೆ ಮಿರ್ಚಿ ಕರಿಯುತ್ತಿದ್ದವನೂ ಏನೆಂದು ತಿಳಿಯದೆ ನಕ್ಕನಂತೆ. ಅಂಥ ದನಿ ಅವರದು. ಮೆಟ್ಟಿಲು ಇಳಿದು ಓಣಿಯ ತಿರುವಿನವರೆಗೂ ಹೋಗುತ್ತಿತ್ತು.

ಅವರಿಗೊಂದು ಪದ್ಧತಿಯಿತ್ತು. ಯಾವ ಸಾಲನ್ನು ಮುಟ್ಟಬೇಕಾದರೂ ಮೊದಲು ಆ ಹೆಸರಿನ ಯಜಮಾನರಿಗೆ ಫೋನು. ಈಗ ಏನಿದೆ, ಏನಾಗಲಿದೆ, ಯಾವುದು ಹೋಗಲಿದೆ ಎಂದು ಒಂದೊಂದಾಗಿ ಓದಿ ಹೇಳುವುದು. ಕೊನೆಗೆ, “ಹೂಂ ಅಂತೀರೋ, ಬ್ಯಾಡ ಅಂತೀರೋ?” ಆ ಕಡೆಯಿಂದ ಹೂಂ ಬರುವ ತನಕ ಕೈ ಕೀಬೋರ್ಡಿನಿಂದ ದೂರ. ಬರೀ ಬಾಯಿಮಾತಿಗೆ ಹೂಂ ಅಂದರೆ ಬಿಡುತ್ತಿರಲಿಲ್ಲ. “ಮತ್ತ ಆ ಹಳೇ ಮೇಲ್ ಯಾರು ನೋಡ್ತಾರ್ರಿ? ಅಳಿಯಾನ? ಅಳಿಯಗ ಕೇಳೀರೇನು?” ಎಂದು ಕೆದಕುತ್ತಿದ್ದರು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಊಟದ ಹೊತ್ತಾಗುತ್ತಿತ್ತು. ನನಗೆ ಬಾಯಿ ಸ್ವಲ್ಪ ಜಾಸ್ತಿ. ಸೇರಿದ ಹೊಸದರಲ್ಲೇ, “ಸರ್, ನೀವು ಕಂಪ್ಯೂಟರ್ ಕೆಲಸ ಮಾಡ್ತೀರೋ, ಹೆಣ್ಣು ನೋಡಾಕ ಹೋಗೀರೋ?” ಎಂದು ಕೇಳಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೆ ಗಿರಾಕಿಗಳಿಗೆಲ್ಲ ನನ್ನನ್ನು, “ಈಕಿ ನನ್ನ ಬೈಯ್ಯಾಕ ಸಂಬಳ ತಗೊಳ್ಳಾಕಿ” ಎಂದೇ ಪರಿಚಯ ಮಾಡಿಕೊಡುತ್ತಿದ್ದರು.

ಈ ಪದ್ಧತಿ ಬಂದದ್ದು ಎಸ್‌ಟಿಡಿ ಬೂತಿನಿಂದ. ಕಂಪ್ಯೂಟರಿಗೆ ಮುಂಚೆ ಅದೇ ಓಣಿಯಲ್ಲಿ ಅವರದೊಂದು ಗಾಜಿನ ಬೂತಿತ್ತು. ಒಂದು ಮಧ್ಯಾಹ್ನ ಚೋರನೂರು ಕಡೆಯ ಹೆಂಗಸೊಬ್ಬಳು ಬಂದು, ಅಪ್ಪ ತೀರಿಕೊಂಡದ್ದನ್ನು ದೂರದಲ್ಲಿದ್ದ ತಂಗಿಗೆ ತಿಳಿಸಬೇಕೆಂದು ನಂಬರ್ ಹೇಳಿದಳಂತೆ. ಇವರು ಒಂದು ಅಂಕಿ ತಪ್ಪು ಒತ್ತಿದರು. ಆಕೆ “ಅಪ್ಪ ಹೋದ್ನವ್ವಾ” ಎಂದು ಗೊಳೋ ಎಂದಳು. ಆ ಕಡೆ ಫೋನೆತ್ತಿದ್ದವಳೂ ತನ್ನ ಅಪ್ಪನೇ ಎಂದುಕೊಂಡು ಗೊಳೋ ಎಂದಳು. ಬಹಳ ಹೊತ್ತಿನ ಮೇಲೆ ಊರಿನ ಹೆಸರು ಬಂದಾಗ ಇಬ್ಬರಿಗೂ ಗೊತ್ತಾಯಿತು. “ನಾ ಒತ್ತಿದ್ದು ಒಂದು ಅಂಕಿ ನೋಡವ್ವಾ. ಯಾರದೋ ಮನ್ಯಾಗ, ಜೀವಂತ ಇದ್ದ ಅಪ್ಪನ್ನ ಹೆಣಾ ಮಾಡಿ ಮಲಗಿಸಿಬಿಟ್ಟೆ” ಎನ್ನುತ್ತಿದ್ದರು. ಅವತ್ತಿನಿಂದ, ಗಿರಾಕಿ ಹೇಳಿದ ನಂಬರನ್ನು ತಿರುಗಿ ಹೇಳಿ ಹೂಂ ಅನ್ನಿಸಿಕೊಂಡೇ ಬೆರಳು ಊರುವುದು.

ಹಂಪಿಯಲ್ಲಿ ಬಾಳೆತೋಟದ ಮಗ್ಗುಲಿಗೆ ಗೆಸ್ಟ್ ಹೌಸ್ ನಡೆಸುವ ಒಬ್ಬ ಹೆಂಗಸಿದ್ದಾರೆ. ಅವರ ಹಳೆಯ ಮೇಲ್ ವಿಳಾಸವೊಂದಕ್ಕೆ ತಿಂಗಳುಗಟ್ಟಲೆ ಏನೂ ಬಂದಿರಲಿಲ್ಲ. ತೆಗೆದುಬಿಡೋಣ ಎಂದೆ ನಾನು. ಸರ್ ಫೋನು ಹಚ್ಚಿದರು. “ಅಯ್ಯೋ, ಬ್ಯಾಡ್ರಿ!” ಎಂದಿತು ಆ ಕಡೆಯ ದನಿ. “ಫ್ರಾನ್ಸಿನಾಕಿ ಒಬ್ಬಾಕಿ ಅದಾಳ್ರಿ, ವರ್ಸಕ್ಕೊಂದು ಸಲ ಅದಕ್ಕ ಬರೀತಾಳ. ಭಾಳ ವರ್ಸದ ಹಿಂದ ಜ್ವರ ಬಂದು ನಮ್ಮನ್ಯಾಗ ಮಲಗಿದ್ಲು. ನನಗ ಅವ್ವ ಅಂತಾಳ.” ಸರ್ ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದ ಹುಮ್ಮಸ್ಸು ಹೇಗಿತ್ತೆಂದರೆ, ನನಗೆ ಎದ್ದು ಹೋಗಿ ಚಹಾ ತರುವುದೇ ವಾಸಿ ಅನ್ನಿಸಿತು.

ಆಮೇಲೆ ಅವರ ಗಂಟಲು ಕಟ್ಟಿತು. ಶುರುವಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟು ಮಾತಾಡಿದರೆ ಕಟ್ಟದೆ ಇರುತ್ತದೆಯೇ ಎಂದು ನಾನೇ ಚೇಷ್ಟೆ ಮಾಡಿದೆ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಶುಂಠಿ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ಕಳಿಸುತ್ತಿದ್ದರು. ಕಷಾಯಕ್ಕೆ ಬಗ್ಗಲಿಲ್ಲ. ಬಳ್ಳಾರಿಗೆ ಹೋದರು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯಬಹುದು ಎಂದರು.

ಆಪರೇಷನ್ನಿಗೆ ಹೋಗುವ ಮುಂಚಿನ ದಿನಗಳಲ್ಲಿ ಅವರು ಅಂಗಡಿಯಲ್ಲಿ ಕೂತು ಎಲ್ಲ ಗಿರಾಕಿಗಳಿಗೂ ಒಬ್ಬೊಬ್ಬರಾಗಿ ಫೋನು ಮಾಡಿದರು. ಯಾವ ರೆಕಾರ್ಡಿನ ವಿಷಯವೂ ಇರಲಿಲ್ಲ. “ಸುಮ್ನ ಮಾಡಿದ್ದೆ” ಎನ್ನುತ್ತಿದ್ದರು. ಮಿಲ್ ಹೆಂಗ ನಡದೈತಿ, ಮೊಮ್ಮಗಳು ಸಾಲಿ ಕಲಿಯಾಕ ಹೊಂಟಾಳೇನು, ಸಂಡೂರಾಗ ಮಳಿ ಆತೇನು. ಒಡೆದ ದನಿಯಲ್ಲೇ ನಕ್ಕರು, ರೇಗಿಸಿದರು. ಆಪರೇಷನ್ ಎಂದು ಒಬ್ಬರಿಗೂ ಹೇಳಲಿಲ್ಲ. ನನ್ನ ಎದುರಿಗಿದ್ದ ಕಂಪ್ಯೂಟರಿನಲ್ಲಿ ಯಾವ ಕೆಲಸವೂ ಸಾಗಲಿಲ್ಲ. ಕಣ್ಣು ಒರೆಸಿಕೊಳ್ಳುವುದು ಅವರಿಗೆ ಕಾಣಬಾರದೆಂದು ಪರದೆಗೆ ಮುಖ ಹತ್ತಿರ ಹಿಡಿದು ಕೂತಿದ್ದೆ.

ತಿರುಗಿ ಬಂದಾಗ ಕುತ್ತಿಗೆಗೆ ಬಿಳಿ ಬಟ್ಟೆ ಇತ್ತು, ದನಿ ಇರಲಿಲ್ಲ. ಹೇಳಬೇಕಾದದ್ದನ್ನು ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದರು. ಬರವಣಿಗೆಯೂ ಅವರ ಮಾತಿನಂತೆಯೇ. ಆದರೆ ಅಂಗಡಿಯ ಫೋನು ಬಡಿದುಕೊಂಡಾಗ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ಅವರ ಬದಲಿಗೆ ನಾನು ಫೋನಿನಲ್ಲಿ ಕೇಳತೊಡಗಿದೆ, ಕಾರಣ ಗಿರಾಕಿಗಳಿಗೆಲ್ಲ ತಿಳಿಯಿತು. ನನ್ನದು ಪೊಲೀಸ್ ವಿಚಾರಣೆಯಂತೆ ಇರುತ್ತದೆ ಎಂದು ಹಂಪಿಯ ಗೆಸ್ಟ್ ಹೌಸಿನ ಅಮ್ಮ ದೂರು ಹೇಳಿದರು. ಎರಡು ಕೆಲಸ ಒಟ್ಟಿಗೆ ನನ್ನಿಂದ ಆಗುತ್ತಲೂ ಇರಲಿಲ್ಲ. ಸರ್ ಕುರ್ಚಿಯಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ಮನೆಗೆ ಹೋಗಲೊಲ್ಲರು, ಇಲ್ಲಿ ಮಾಡಲು ಏನಿಲ್ಲ. ಆ ಬೆನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಆಗ ನಾನು ಆ ಎಐ ಏಜೆಂಟನ್ನು ತಂದೆ. ಇದು ಬರೀ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಸಲಕರಣೆಯಲ್ಲ. ನಾವು ಕಾಯುವ ಹೆಸರುಗಳ ಬೀಗದ ಕೈ ಕೊಟ್ಟರೆ ಒಳಗೆ ಹೋಗಿ ಕೆಲಸವನ್ನೂ ಮಾಡುತ್ತದೆ. ‘ಈ ಗೆಸ್ಟ್ ಹೌಸಿನ ಹೆಸರನ್ನು ಹೊಸ ಸರ್ವರಿಗೆ ತಿರುಗಿಸು’ ಎಂದು ಕನ್ನಡದಲ್ಲಿ ಬರೆದರೆ ಸಾಕು. ಇರುವ ರೆಕಾರ್ಡುಗಳನ್ನು ನೋಡುತ್ತದೆ, ಏನು ಬದಲಿಸುತ್ತೇನೆಂದು ಬರೆದು ತೋರಿಸುತ್ತದೆ, ಒಪ್ಪಿದರೆ ಬದಲಿಸಿ, ಸರಿಹೋಯಿತೇ ಎಂದು ಹೊರಗಿನಿಂದ ತಾನೇ ಪರೀಕ್ಷಿಸುತ್ತದೆ. ಅಂಗಡಿಗೆ ಏಜೆಂಟ್ ಬಂದಿದ್ದಾನೆ ಎಂದು ಸರ್ ಮನೆಯಲ್ಲಿ ಬರೆದು ತೋರಿಸಿದಾಗ ಅಕ್ಕ, “ಈ ಹೊತ್ತಿನಾಗ ಎಲ್ಲಿ ಇನ್ಸೂರನ್ಸ್ ಮಾಡಸ್ತೀರಿ?” ಎಂದರಂತೆ. ಅದನ್ನು ನನಗೆ ಬರೆದು ತೋರಿಸಿ ಭುಜ ಕುಣಿಸಿ ನಕ್ಕರು. ಆಪರೇಷನ್ ಆದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದಕ್ಕೆ ಅವರು ಕೊಟ್ಟ ಮೊದಲ ಅಪ್ಪಣೆ ಹೀಗಿತ್ತು: ‘ದಯವಿಟ್ಟು ಕೇಳು. ಯಜಮಾನ್ರು ಹೂಂ ಅನ್ನೋತನಕ ಯಾವ ಸಾಲಿಗೂ ಕೈಹಚ್ಚಬ್ಯಾಡ. ತಗಿಯೋದಿದ್ರ ಮೊದಲು ಇದ್ದದ್ದನ್ನ ಎತ್ತಿಡು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ನಾ ಬೈಯಂಗಿಲ್ಲ.’ ಯಂತ್ರಕ್ಕೇಕೆ ದಯವಿಟ್ಟು ಎಂದು ನಾನು ಕೇಳಿದೆ. ‘ಹೊಸದಾಗಿ ಬಂದೈತಿ, ಮರ್ಯಾದಿಲೇ ಮಾತಾಡಬೇಕು’ ಎಂದು ಬರೆದರು. ಏಜೆಂಟ್ ಆ ಮಾತನ್ನು ಅಚ್ಚುಕಟ್ಟಾಗಿ ಪಾಲಿಸಿತು. ಪ್ರತಿ ಬದಲಾವಣೆಗೂ ಸರ್ ಹೆಸರಿನಲ್ಲಿ ಯಜಮಾನರ ವಾಟ್ಸಾಪಿಗೆ, ಈಗ ಇದಿದೆ, ಇದಾಗಲಿದೆ, ಇದು ಹೋಗಲಿದೆ ಎಂದು ಸರಳ ಕನ್ನಡದಲ್ಲಿ ಬರೆದು ಕಳಿಸುವುದು, ಹೂಂ ಬಂದ ಮೇಲೆ ಮಾಡುವುದು. ಅಷ್ಟರಲ್ಲಿ ಸರ್ವರ್ ಕೊಡುವ ಕಂಪನಿಯವರು ತಮ್ಮ ಯಂತ್ರಗಳನ್ನು ಬದಲಿಸಿದರು, ನಮ್ಮ ಎಲ್ಲ ಗಿರಾಕಿಗಳ ರೆಕಾರ್ಡುಗಳನ್ನೂ ತಿದ್ದಬೇಕಾಯಿತು. ವಾರಗಟ್ಟಲೆಯ ಆ ಕೆಲಸವನ್ನು ಸರ್ ಮತ್ತು ಏಜೆಂಟ್ ಸೇರಿ ಒಂದೇ ಹಗಲಿನಲ್ಲಿ ಮುಗಿಸಿದರು. ಒಂದು ಸೈಟೂ ನಿಲ್ಲಲಿಲ್ಲ. ಅವತ್ತು ಸರ್ ಕೆಳಗಿನಿಂದ ಎಲ್ಲರಿಗೂ ಮಿರ್ಚಿ ತರಿಸಿದರು. ಅವರಿಗೆ ನುಂಗಲು ಆಗುತ್ತಿರಲಿಲ್ಲ; ನಾವು ತಿನ್ನುವುದನ್ನು ನೋಡುತ್ತ ಕೂತರು. ಮತ್ತೆ ಕೆಲಸದ ಮನುಷ್ಯರಾದರಲ್ಲ ಎಂದು ನನಗೆ ಸಂತೋಷವಾಯಿತು.

ಕಂಪ್ಲಿಯ ಸಾವ್ಕಾರರ ಪ್ರಸಂಗ ನಡೆದದ್ದು ಅದಾದ ಸ್ವಲ್ಪ ದಿನಕ್ಕೆ. ಮಿಲ್ಲಿಗೆ ಹೊಸ ವೆಬ್‌ಸೈಟ್ ಮಾಡಿದ್ದೆವು. ಏಜೆಂಟ್ ಹಳೆಯ ಸಾಲುಗಳನ್ನೆಲ್ಲ ನೋಡಿ, ಒಂದು ಮೇಲ್ ರೆಕಾರ್ಡ್ ಬೇರೆ ಹಳೆಯ ಸೇವೆಯ ಕಡೆಗಿದೆ, ಇದು ಬಳಕೆಯಲ್ಲಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿಲ್ಲ, ತೆಗೆದರೆ ಈ ವಿಳಾಸಕ್ಕೆ ಬರುವ ಮೇಲ್ ನಿಲ್ಲುತ್ತದೆ, ತೆಗೆಯಲೇ ಎಂದು ಸಾವ್ಕಾರರನ್ನು ಕೇಳಿತು. ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದಲೂ ಆಗುತ್ತಿರಲಿಲ್ಲ. ತಕ್ಷಣ ಉತ್ತರ ಬಂತು: ‘ಹೂಂ ಸರ್. ಆರೋಗ್ಯ ನೋಡ್ಕೊಳ್ರಿ.’ ಪಕ್ಕದಲ್ಲಿ ಕೈಮುಗಿದ ಚಿತ್ರ. ಏಜೆಂಟ್ ಆ ಸಾಲನ್ನು ತೆಗೆಯಿತು.

ಅಕ್ಕಿ ಕೊಳ್ಳುವ ದೂರದೂರಿನ ವ್ಯಾಪಾರಿಗಳು ಬರೆಯುತ್ತಿದ್ದದ್ದು ಆ ವಿಳಾಸಕ್ಕೇ. ಕೆಲವು ದಿನ ಮಿಲ್ಲಿಗೆ ಒಂದು ಮೇಲೂ ಬರಲಿಲ್ಲ. ಕೊನೆಗೆ ಒಬ್ಬ ವ್ಯಾಪಾರಿ ಫೋನು ಮಾಡಿ, ಬರೆದದ್ದೆಲ್ಲ ತಿರುಗಿ ಬರುತ್ತಿದೆ, ಮಿಲ್ ಮುಚ್ಚಿದಿರೇನು ಎಂದು ಕೇಳಿದಾಗ ವಿಷಯ ಬಯಲಾಯಿತು. ತೆಗೆಯುವ ಮುಂಚೆ ಎತ್ತಿಟ್ಟಿದ್ದ ಸಾಲನ್ನು ಏಜೆಂಟ್ ಕೂಡಲೇ ತಿರುಗಿ ಹಾಕಿತು. ಮೇಲ್ ಬರತೊಡಗಿತು. ಆದರೆ ಒಂದು ದೊಡ್ಡ ಗಿರಾಕಿ ಅಷ್ಟರಲ್ಲಿ ಗಂಗಾವತಿ ಕಡೆಯ ಮಿಲ್ಲಿಗೆ ಹೋಗಿಯಾಗಿತ್ತು.

ಮರುದಿನ ಸಾವ್ಕಾರರು ತಾವೇ ಹೊಸಪೇಟೆಗೆ ಬಂದರು. ಮೆಟ್ಟಿಲ ಮೇಲೆ ಅವರ ಸದ್ದು ಕೇಳಿ ನಾನು ಕೈಯಲ್ಲಿದ್ದ ಕೆಲಸ ಬಿಟ್ಟೆ. ಸರ್ ನೆಟ್ಟಗೆ ಕೂತರು. ಬೈಸಿಕೊಳ್ಳಲು ಸಿದ್ಧರಾಗಿದ್ದರು, ಅದು ಮುಖದ ಮೇಲೆಯೇ ಕಾಣುತ್ತಿತ್ತು. ಸಾವ್ಕಾರರು ಒಳಗೆ ಬಂದವರೇ ಕೈಯಲ್ಲಿದ್ದ ಎಳನೀರಿನ ಗೊಂಚಲನ್ನು ಕೆಳಗಿಟ್ಟು, ಸರ್ ಪಕ್ಕ ಕುರ್ಚಿ ಎಳೆದುಕೊಂಡು, “ಇರ್ಲಿ ಬಿಡ್ರಿ, ಆಗಬಾರದ್ದು ಏನೂ ಆಗಿಲ್ಲ. ನೀವು ತಲಿಗೆ ಹಚ್ಕೋಬ್ಯಾಡ್ರಿ” ಎಂದರು.

ಸರ್ ಬರೆದು ತೋರಿಸಿದರು: ‘ಕಳಿಸಿದ್ದನ್ನ ಓದಿದ್ರೇನು?’

“ನೀವು ಕಳಿಸಿದ್ದನ್ನ ಓದೋದೇನೈತ್ರಿ? ನೋಡಿದೆ, ಹೂಂ ಅಂದೆ.”

‘ಮೊದಲು ನನ್ನ ಕೂಡ ತಾಸುಗಟ್ಟಲೆ ಜಗಳ ಮಾಡ್ತಿದ್ರಿ.’

“ಆಗಿನ ಮಾತು ಬ್ಯಾರೇರಿ.” ಸಾವ್ಕಾರರು ಸರ್ ಕುತ್ತಿಗೆಯ ಬಟ್ಟೆ ನೋಡಿ ಕಣ್ಣು ಕೆಳಗೆ ಮಾಡಿದರು. “ಈ ಸ್ಥಿತ್ಯಾಗ ನಿಮಗ ಬ್ಯಾಡ ಅನ್ನಾಕ ಬಾಯಿ ಹೆಂಗ ಬರ್ತೈತ್ರಿ? ಅಷ್ಟು ಕಲ್ಲು ಮನಸ್ಸಿನವರಲ್ಲ ನಾವು.”

ಅವರು ಹೋದ ಮೇಲೆ ಸರ್ ಕಂಪ್ಯೂಟರಿನ ಮುಂದೆ ಕೂತು, ಆಪರೇಷನ್ ಆದಾಗಿನಿಂದ ಗಿರಾಕಿಗಳು ಕಳಿಸಿದ್ದ ಉತ್ತರಗಳನ್ನೆಲ್ಲ ಮೇಲಿನಿಂದ ಕೆಳಗೆ ನೋಡಿದರು. ಹೂಂ. ಹೂಂ ಸರ್. ಹೂಂ ಅಣ್ಣಾರ, ದೇವರು ಒಳ್ಳೇದು ಮಾಡಲಿ. ಹಂಪಿಯ ಅಮ್ಮನದೂ ಹೂಂ, ಸಂಡೂರಿನ ಲಾರಿ ಮಾಲೀಕರದೂ ಹೂಂ. ಅಷ್ಟೂ ದಿನಗಳಲ್ಲಿ ಒಬ್ಬರೇ ಒಬ್ಬರೂ ಬ್ಯಾಡ ಎಂದಿರಲಿಲ್ಲ. ಸರ್ ನನಗೆ ಬರೆದು ತೋರಿಸಿದರು: ‘ನಾ ಕೆಲಸ ಮಾಡಾಕತ್ತೀನಿ ಅಂತ ತಿಳಿದಿದ್ದೆ. ಇವ್ರೆಲ್ಲ ರೋಗಿನ್ನ ನೋಡಿಕೊಂಡು ಹೋಗಾಕ ಬಂದಾರ.’ ಬರೆದು, ಮೊಬೈಲನ್ನು ಮಗುಚಿಟ್ಟರು. ಕಣ್ಣಿನಿಂದ ನೀರು ಇಳಿಯಿತು. ಸಮಾಧಾನದ ಮಾತು ಹೇಳಲು ನಾನು ಬಾಯಿ ತೆರೆದೆ. ಅದೂ ಇನ್ನೊಂದು ಹೂಂ ಅಲ್ಲವೇ ಅನ್ನಿಸಿ ಮುಚ್ಚಿಕೊಂಡೆ. ನಿಜ ಹೇಳುತ್ತೇನೆ, ಹುಬ್ಬಳ್ಳಿಯ ಡಾಕ್ಟರು ರೋಗದ ಹೆಸರು ಹೇಳಿದ ದಿನವೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಮರುದಿನ ಅವರು ಏಜೆಂಟಿನ ಅಪ್ಪಣೆಯನ್ನು ತಿದ್ದಿದರು. ಇನ್ನು ಮೇಲೆ ಸರ್ ಹೆಸರು ಹಾಕಬಾರದು. ‘ಇದು ಕಂಪ್ಯೂಟರ್ ಕೇಳುತ್ತಿರುವುದು, ಬೈದರೂ ಬೇಜಾರಿಲ್ಲ’ ಎಂದು ಮೊದಲ ಸಾಲಿನಲ್ಲೇ ಹೇಳಬೇಕು. ಬರೀ ಹೂಂ ಬಂದರೆ ಒಪ್ಪಬಾರದು. ಆ ಮೇಲ್ ಯಾರು ನೋಡುತ್ತಾರೆ, ಅವರನ್ನು ಕೇಳಿದಿರಾ ಎಂದು ತಿರುಗಿ ಕೇಳಬೇಕು. ಒಟ್ಟಿನಲ್ಲಿ ಹಿಂದೆ ಫೋನಿನಲ್ಲಿ ತಾವು ಕೆದಕುತ್ತಿದ್ದಂತೆಯೇ ಕೆದಕಬೇಕು, ಆದರೆ ತಮ್ಮ ಸುಳಿವಿರಬಾರದು. ಸ್ವಂತ ಅಂಗಡಿಯಲ್ಲಿ ತನ್ನ ಹೆಸರನ್ನು ತಾನೇ ಅಳಿಸಿಕೊಳ್ಳುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಬ್ಯಾಡ ಸರ್ ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ ಬರೆದರು: ‘ನೀ ಒಬ್ಬಾಕಿ ಉಳದೀ ನನಗ ಬ್ಯಾಡ ಅನ್ನಾಕ. ಬಿಡಬ್ಯಾಡ ಅದನ್ನ.’

ತಂತ್ರ ಫಲಿಸಿತು. ಹೆಸರು ಹೋದದ್ದೇ ತಡ, ಜನಕ್ಕೆ ಬಾಯಿ ಬಂತು. ಎಲ್ಲರಿಗಿಂತ ಮೊದಲು ಸಂಡೂರಿನ ಲಾರಿ ಮಾಲೀಕರು ಧ್ವನಿ ಸಂದೇಶ ಕಳಿಸಿದರು. “ಲೇ ಕಂಪ್ಯೂಟರ್, ನಿನಗ ತಲಿ ಐತೇನಲೇ? ಆ ಮೇಲ್ ತಗದ್ರ ನನ್ನ ಲೋಡಿನ ಆರ್ಡರ್ ನಿಮ್ಮಪ್ಪ ಕೊಡ್ತಾನೇನು? ಮುಟ್ಟಿದ್ರ ನೋಡು!” ಸರ್ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಕುರ್ಚಿಯ ಕೈ ಹಿಡಿದುಕೊಂಡು, ಸದ್ದಿಲ್ಲದೆ, ಮೈಯೆಲ್ಲ ಅಲುಗಾಡಿಸಿ ನಕ್ಕರು. ಹಂಪಿಯ ಅಮ್ಮ ಯಂತ್ರಕ್ಕೆ ಉದ್ದುದ್ದ ವಿವರಣೆ ಬರೆದು, ಕೊನೆಗೆ ‘ತಿಳೀತೇನಪ್ಪಾ?’ ಎಂದು ಕೇಳಿದ್ದರು. ತಪ್ಪುಗಳು ನಿಂತವು. ಸರ್ ದಿನವೂ ಬೆಳಿಗ್ಗೆ ಬಂದು ಬೈಗುಳಗಳನ್ನು ಓದಿ ಕೆಲಸ ಶುರುಮಾಡುತ್ತಿದ್ದರು. ನನಗೆ ಅವರ ನಗು ನೋಡಿ ನಗು ಬರುತ್ತಿತ್ತು, ಆಮೇಲೆ ಅವು ಯಾವುವೂ ಅವರ ಹೆಸರಿಗೆ ಬಂದದ್ದಲ್ಲ ಎಂದು ನೆನಪಾಗುತ್ತಿತ್ತು.

ಕ್ಯಾನ್ಸರ್ ಮತ್ತೆ ತಲೆ ಎತ್ತಿತು. ಈ ಸಲ ಶ್ವಾಸಕೋಶದಲ್ಲಿ. ಅಂಗಡಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನಾನು ಸಂಜೆ ಅಂಗಡಿ ಮುಚ್ಚಿ ಅವರ ಮನೆಗೆ ಹೋಗಿ, ಅವತ್ತು ಏಜೆಂಟ್ ಏನು ಮಾಡಿತು, ಯಾರು ಏನು ಬೈದರು ಎಂದು ಹೇಳಿ ಬರುತ್ತಿದ್ದೆ. ಆ ಮನೆಯಲ್ಲಿ ಬಂದು ಹೋಗುವವರೆಲ್ಲರ ಬಾಯಲ್ಲೂ ಒಂದೇ ಮಾತು: ಆರಾಮಾಗ್ತೀರಿ, ಏನೂ ಆಗಂಗಿಲ್ಲ. ಅಕ್ಕ ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದರು. ಮಂಚದ ಪಕ್ಕ ನಿಂತು ನಗುನಗುತ್ತ ಹೇಳಿ, ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆಯುತ್ತಿದ್ದರು.

ಒಂದು ಸಂಜೆ ನಾನು ಎಂದಿನಂತೆ ಹೋದೆ. ಸರ್ ದಿಂಬಿಗೆ ಒರಗಿ ಕೂತಿದ್ದರು. ಮೊಬೈಲ್ ತೆಗೆದು ನಿಧಾನವಾಗಿ ಬರೆದು ಮೊದಲು ಅಕ್ಕನಿಗೆ ತೋರಿಸಿದರು: ‘ಬರೋ ತಿಂಗಳು ಅಂಗಡಿಗೆ ಹೋಗ್ತೀನಲ್ಲ?’

“ಯಾಕ ಹೋಗಂಗಿಲ್ಲ? ನಡಕೊಂತ ಹೋಗ್ತೀರಿ” ಎಂದರು ಅಕ್ಕ.

ಅವರು ಅದೇ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಅದೇ ಪ್ರಶ್ನೆ. ಅವರ ಕಣ್ಣು ನನ್ನ ಮುಖದ ಮೇಲಿತ್ತು. ಹೂಂ ಎಂದುಬಿಟ್ಟರೆ ಎಷ್ಟು ಸುಲಭವಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನೂ ಹೂಂ ಎಂದರೆ ಅವರ ಪಾಲಿಗೆ ನಿಜ ಹೇಳುವ ಮನುಷ್ಯರು ಒಬ್ಬರೂ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಅವರು ಕೇಳುತ್ತಿದ್ದದ್ದೂ ಅದನ್ನೇ.

“ಇಲ್ಲ ಸರ್” ಎಂದೆ. “ನಿಮ್ಮಿಂದ ಆಗಂಗಿಲ್ಲ.”

ಅಕ್ಕ ಎದ್ದು ನಿಂತರು. “ಏನಂದೀ? ಉಣ್ಣೋ ಮನ್ಯಾಗ ನಿಂತು ಎಂಥಾ ಮಾತಾಡ್ತೀಯಲ್ಲ? ಬಾಯಿ ಐತಂತ ಏನು ಬೇಕಾದ್ದು ಅಂತಿಯೇನು? ನಡಿ, ಮೊದಲು ಹೊರಗ ನಡಿ!” ಎಂದು ಕೂಗಿದರು. ನಾನು ಸರ್ ಮುಖವನ್ನೂ ಸರಿಯಾಗಿ ನೋಡದೆ ಹೊರಗೆ ಬಂದೆ. ಸ್ಕೂಟಿ ಹತ್ತಿರ ನಿಂತು ಮಗುವಿನಂತೆ ಅತ್ತೆ. ಈ ಹಾಳು ಬಾಯಿ ಸುಟ್ಟುಹೋಗಬಾರದೇ ಎಂದು ನನ್ನನ್ನೇ ಶಪಿಸಿಕೊಂಡೆ. ಅದಾದ ಮೇಲೆ ಆ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಸರ್ ಮಾತ್ರ ಬೆಳಗಿನ ಹೊತ್ತು ಅಂಗಡಿಯ ಕೆಲಸದ ಬಗ್ಗೆ ಒಂದೆರಡು ಸಾಲು ಕಳಿಸುತ್ತಿದ್ದರು. ಯಾವ ಗಿರಾಕಿಗೆ ಏನು ಅಭ್ಯಾಸ, ಯಾರನ್ನು ಎರಡು ಸಲ ಕೇಳಬೇಕು, ಯಾರು ಅಳಿಯನ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಾರೆ ಎಂದು. ಆ ಸಂಜೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಕಂಪ್ಲಿಯ ಸಾವ್ಕಾರರು, ಹಂಪಿಯ ಅಮ್ಮ, ಸಂಡೂರಿನವರು ಎಲ್ಲ ಬಂದಿದ್ದರು. ಹೆಗಲ ಮೇಲೆ ಹೊರುವ, ಹೂ ಮುಚ್ಚಿದ ವಿಮಾನದಲ್ಲಿ ಅವರನ್ನು ಕೂರಿಸಿದ್ದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅದು ಸರಿಯೆನ್ನಿಸಿತು. ಹಿಂದೆ ನಿಂತು, ಒಂದು ಹಿಡಿ ಮಣ್ಣು ಹಾಕಿ ಬಂದೆ.

ಕಾರ್ಯಗಳೆಲ್ಲ ಮುಗಿದು ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ ಅಕ್ಕ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಅವರನ್ನು ಕಂಡು ನಾನು ಎದ್ದು ನಿಂತೆ. “ಬರ್ರಿ ಅಕ್ಕಾ, ಕುಂದ್ರಿ” ಎಂದು ನೀರು ತಂದುಕೊಟ್ಟೆ. ಅವರು ಕೂತು, ಸೆರಗಿನಿಂದ ಬೆವರೊರೆಸಿಕೊಂಡು, ನೀರು ಕುಡಿದರು.

“ಅವತ್ತು ನಿನಗ ಹೊರಗ ನಡಿ ಅಂದೆ” ಎಂದರು.

“ನಾ ಹಂಗ ಅನ್ನಬಾರದಿತ್ತು ಅಕ್ಕಾ.”

“ಪೂರಾ ಕೇಳು.” ಅವರು ಲೋಟ ಕೆಳಗಿಟ್ಟರು. “ಅಲ್ಲಿತನಕ ಅವ್ರು ಗೋಡಿ ಕಡಿ ಮುಖಾ ಮಾಡಿ ಅಳ್ತಿದ್ರು, ನಾ ಅಡಿಗಿಮನ್ಯಾಗ ನಿಂತು ಅಳ್ತಿದ್ದೆ. ಒಬ್ಬರಿಗೊಬ್ಬರು ಕಾಣಬಾರದು ಅಂತ. ನೀ ಹೋದ ಮ್ಯಾಲ ಅವ್ರು ಮತ್ತ ಆ ಫೋನ್ ನನ್ನ ಕಡಿ ಹಿಡಿದ್ರು. ನಾನೂ ಇಲ್ಲ ಅಂದೆ. ಇಬ್ರೂ ಕೈ ಹಿಡ್ಕೊಂಡು ಕುಂತು ಅತ್ವಿ. ಅತ್ತು ಅತ್ತು, ಆಮ್ಯಾಲ ಮದಿವ್ಯಾದಾಗಿಂದ ಇದ್ದದ್ದೆಲ್ಲ ಮಾತಾಡಿದ್ವಿ. ಅವ್ರು ಬರದ್ರು, ನಾ ಹೇಳಿದೆ. ಕಡೀತನಕ ಹಂಗ ಇದ್ವಿ. ಆ ದಿನ ನೀ ಹೂಂ ಅಂದಿದ್ರ, ಯಮ್ಮಾ, ನಾ ಅವರಿಗೆ ಸುಳ್ಳು ಹೇಳಿಕೊಂತನ ಕಳಿಸಿಬಿಡ್ತಿದ್ದೆ.”